ಬಲಗಾಲಿನ ಹೆಬ್ಬೆರಳು

ಲೇತ್ ಮೇಸ್ತ್ರಿ ಸ್ಕ್ಯಾನಿಂಗ್ ಯಂತ್ರದೊಳಗಿಂದ ಈಗಾಗಲೇ ಎರಡು ಸಲ ಅರ್ಧಕ್ಕೇ ಎದ್ದು ಬಂದಿದ್ದ. ಬೆನ್ನುಮೂಳೆಯ ಚಿತ್ರ ಸಿಗದ ಹೊರತು ಆಪರೇಷನ್ನಿನ ಮಾತೇ ಇಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಜೀವಮಾನವೆಲ್ಲ ಲೇತಿನಲ್ಲಿ ಕಡೆಯುವ ಕಬ್ಬಿಣದ ಕಿರುಚಾಟ ಕೇಳಿದವನಿಗೆ ಯಂತ್ರದ ಸದ್ದು ಲೆಕ್ಕಕ್ಕಿರಲಿಲ್ಲ. ಮೂಗಿನ ಮೇಲೇ ಕೂತಂತಿದ್ದ ಅದರ ಚಾವಣಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

"ಮೈಮೇಲೆ ಲೋಹ ಏನೂ ಇರಬಾರ್ದು ಯಜಮಾನ್ರೇ," ಎಂದಳು ಟೆಕ್ನಿಷಿಯನ್. ಬೆಲ್ಟು, ಉಂಗುರ, ಕೊನೆಗೆ ಕೊರಳಿನ ಶಿಲುಬೆಯೂ ಟ್ರೇಗೆ ಬಿತ್ತು.

"ದೇವರನ್ನೂ ಹೊರಗೇ ಬಿಟ್ಟು ಹೋಗ್ಬೇಕಂತೆ," ಎಂದ ಹೆಂಡತಿಗೆ.

"ಬಿಟ್ಟಲ್ಲೇ ಕೂತಿರೋಕೆ ಅವನೇನು ನಿಮ್ಮ ಕೊಡೆನಾ? ಮಲಕ್ಕೊಳ್ಳಿ." ಅವಳೂ ಬಳೆ ಕಳಚಿ, ಕಿವಿಗೆ ಹತ್ತಿ ತುರುಕಿಕೊಂಡಳು. "ಬಲಗಾಲಿನ ಹೆಬ್ಬೆರಳು ಹಿಡ್ಕೊಂಡಿರ್ತೀನಿ. ಮುಗಿಯೋವರೆಗೂ ಬಿಡಲ್ಲ."

ಎಡಗಾಲಿನ ಸ್ಪರ್ಶ ಹೋದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಬಲಗಾಲೂ ಅದೇ ದಾರಿ ಹಿಡಿದದ್ದನ್ನು ಅವನು ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಅವಳ ಮುಖದಲ್ಲಿ ಇನ್ನೊಂದು ಗೆರೆ ಮೂಡುತ್ತಿತ್ತು. ಆ ಮುಖದಲ್ಲಿ ಜಾಗವಿರಲಿಲ್ಲ.

ಹಲಗೆ ಒಳಗೆ ಸರಿಯಿತು. ಕೈಯಲ್ಲೊಂದು ರಬ್ಬರ್ ಬುರುಡೆ, ಹಿಸುಕಿದರೆ ಹೊರಗೆಳೆಯುತ್ತಾರೆ. ಸದ್ದು ಶುರುವಾಯಿತು. ಅವನು ಮನಸ್ಸನ್ನೆಲ್ಲ ಹೆಬ್ಬೆರಳಿಗೆ ಇಳಿಸಿ ಹುಡುಕಿದ. ಏನೂ ಇಲ್ಲ. ಬಿಟ್ಟು ಹೋದಳೋ ಏನೋ. ಬೆಳಗಿನಿಂದ ಗಾಲಿಕುರ್ಚಿ ತಳ್ಳಿ ಸೊಂಟ ಬಿದ್ದುಹೋದವಳು ಹೊರಗೆ ಬೆಂಚಿಗೆ ಒರಗಿದರೆ ತಪ್ಪೇನು?

ಪ್ರಾರ್ಥಿಸೋಣವೆಂದರೆ ಅಲ್ಲೂ ಇದೇ ಪಾಡು. ತಿಂಗಳುಗಳಿಂದ ಬಾಯಿಪಾಠ ಒಪ್ಪಿಸುವುದು, ಕಿವಿಗೊಡುವುದು, ಏನೂ ಕೇಳಿಸದೆ ಮಗ್ಗುಲಾಗುವುದು. ಪಾದ್ರಿಗಳು ಕರ್ತನ ಸಾನ್ನಿಧ್ಯ ಅನುಭವಿಸಿ ಎಂದಾಗಲೆಲ್ಲ, ಹಾಜರಿ ಕೂಗಿದಾಗ ಓಗೊಡುವವನಂತೆ ಆಮೆನ್ ಎಂದು ಬರುತ್ತಿದ್ದ.

ಬೆರಳುಗಳು ಬುರುಡೆಯ ಮೇಲೆ ಬಿಗಿದವು. ಆಗ ಹೊಳೆಯಿತು: ಸತ್ತಿರುವುದು ತನ್ನ ಕಾಲು, ಅವಳ ಕೈಯಲ್ಲ. ಬಿಡಲ್ಲ ಎಂದಿದ್ದಾಳೆ. ಎಷ್ಟು ಮುನಿಸಿಕೊಂಡರೂ ಮಾತು ಬಿಡದ ಹೆಂಗಸು, ಬೆರಳು ಬಿಡುತ್ತಾಳೆಯೇ? ಹಾಗಾದರೆ ಕೊನೆಯವರೆಗೂ ನಿಮ್ಮ ಜೊತೆಗಿರುತ್ತೇನೆ ಎಂದ ಕರ್ತ? ಇರುತ್ತೇನೆ ಎಂದಷ್ಟೇ ಅವನು ಮಾತು ಕೊಟ್ಟದ್ದು. ಸದಾ ನಿನಗೆ ಗೊತ್ತಾಗುವ ಹಾಗೆ ಇರುತ್ತೇನೆ ಎಂದಿರಲಿಲ್ಲ.

'ಇದ್ದೀಯ ಅಂತಲೇ ನಂಬ್ತೀನಿ ತಂದೆ,' ಎಂದುಕೊಂಡ. 'ವಾದ ಮಾಡೋಕೆ ತ್ರಾಣ ಇಲ್ಲ.'

ಚಾವಣಿ ಒಂದಿಂಚೂ ಮೇಲೇರಲಿಲ್ಲ. ಬುರುಡೆ ಬೆವರಿನಲ್ಲಿ ನೆನೆಯಿತು. ಹಿಸುಕಲಿಲ್ಲ.

ಸದ್ದು ನಿಂತು ಹಲಗೆ ಈಚೆ ಬಂದಾಗ ಕತ್ತೆತ್ತಿ ನೋಡಿದ. ಅವಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಹಲಗೆಯ ಅಂಚಿಗೆ ಹಣೆಯೂರಿ, ಅಷ್ಟು ಗದ್ದಲದಲ್ಲೂ ನಿದ್ದೆ ಹೋಗಿದ್ದಳು. ಹೆಬ್ಬೆರಳು ಮುಷ್ಟಿಯಲ್ಲೇ ಇತ್ತು, ಬಿಗಿತಕ್ಕೆ ಬಿಳಚಿಕೊಂಡಿತ್ತು.

"ನಿದ್ದೆ ಹೊಡೆದ್ಯಾ?"

"ಕಣ್ಣು ಹತ್ತಿತು. ಹಿಡಿದಿದ್ದು ಕೈ ತಾನೇ, ಕಣ್ಣಲ್ವಲ್ಲ."

"ನನಗೆ ಗೊತ್ತೇ ಆಗ್ಲಿಲ್ಲ ಕಣೇ," ಎಂದ. "ಬಲಗಾಲೂ ಹೋಗಿದೆ."

"ಗೊತ್ತು. ಮೊನ್ನೆ ಚಪ್ಪಲಿ ಕಳಚಿದ್ದೂ ತಿಳೀದೆ ಬೀದಿ ಕೊನೆವರೆಗೂ ಕೋಲೂರ್ಕೊಂಡು ನಡೆದ್ರಲ್ಲ."

"ಗೊತ್ತಿದ್ದೂ ಹಿಡ್ಕೊಂಡು ಕೂತ್ಯಾ?"

"ಹಿಡ್ಕೋತೀನಿ ಅಂದಿದ್ನಲ್ರೀ."

ಅವಳು ಆಕಳಿಸಿ, ಆ ಕೋಣೆಯ ಲೋಹವಿಲ್ಲದ ಗಾಲಿಕುರ್ಚಿ ಎಳೆದು ತಂದು ಅವನನ್ನು ಕೂರಿಸಿ, ಎರಡು ಪಾದಗಳನ್ನೂ ಒಂದೊಂದಾಗಿ ಎತ್ತಿ ಅದರ ಕಾಲಿಡುವ ಪಟ್ಟಿಯ ಮೇಲಿಟ್ಟಳು.