ಅಮ್ಮನೂ ಮಗಳೂ ಒಂದೇ ತರಗತಿ

ಊರಾಚೆಯ ಸರ್ಕಾರಿ ಕಾಲೇಜಿಗೆ ತಾಯಿ, ಮಗಳು ಇಬ್ಬರೂ ಒಂದೇ ವರ್ಷ ಸೇರಿದರು. ಮಗಳಿಗೆ ಅದು ನುಂಗಲಾರದ ತುತ್ತಾಗಿತ್ತು. "ಅಮ್ಮಾ, ಗೇಟು ದಾಟಿದ ಮೇಲೆ ನೀನ್ಯಾರೋ ನಾನ್ಯಾರೋ," ಎಂದು ಮೊದಲ ದಿನವೇ ಹೇಳಿಬಿಟ್ಟಳು. ತಾಯಿ ಹೂಂ ಎಂದಳು. ಮದುವೆಗೆಂದು ಓದು ಬಿಟ್ಟಿದ್ದವಳಿಗೆ ಈ ವಯಸ್ಸಿನಲ್ಲಿ ಸೀಟು ಸಿಕ್ಕಿದ್ದೇ ದೊಡ್ಡದಾಗಿತ್ತು.

ನಸುಕಿನಲ್ಲೇ ಎದ್ದು ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಬಸ್ಸಿನಲ್ಲಿ ನಿಂತೇ ಬಂದು, ಅವಳು ಕೊನೆಯ ಬೆಂಚಿನಲ್ಲಿ ಕೂರುವ ಹೊತ್ತಿಗೆ ದಣಿದು ಹಣ್ಣಾಗಿರುತ್ತಿದ್ದಳು. ಒಂದು ಮಧ್ಯಾಹ್ನ ಅರ್ಥಶಾಸ್ತ್ರದ ಪಾಠ ನಡೆಯುತ್ತಿದ್ದಾಗ ಕಣ್ಣು ಹತ್ತಿ, ಸಣ್ಣಗೆ ಗೊರಕೆಯೂ ಶುರುವಾಯಿತು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆ ನಗುವಿಗೆ ಎಚ್ಚರವಾದರೂ ನಾಚಿಕೆಯಿಂದ ಅವಳಿಗೆ ಕಣ್ಣು ತೆರೆಯಲಾಗಲಿಲ್ಲ.

"ಯಾರ್ರೀ ಅದು? ಮಲಗೋದಾದ್ರೆ ಮನೇಲೇ ಮಲಗಬಹುದಿತ್ತಲ್ಲ," ಎಂದರು ಮೇಷ್ಟ್ರು.

ಮುಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಎದ್ದು ನಿಂತವಳು ಮಗಳು. "ಸರ್, ಅವರು ನಮ್ಮಮ್ಮ. ಕೆಲಸ ಮುಗಿಸ್ಕೊಂಡು ನೇರ ಇಲ್ಲಿಗೇ ಬರ್ತಾರೆ. ಸ್ವಲ್ಪ ಹೊತ್ತು ಬಿಟ್ಬಿಡಿ, ಅವರ ನೋಟ್ಸೂ ನಾನೇ ಬರ್ಕೋತೀನಿ."

ನಗು ನಿಂತಿತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು.

ಮಗಳು ಪುಸ್ತಕ ಎತ್ತಿಕೊಂಡು ಹಿಂದಕ್ಕೆ ಬಂದಳು. "ಎಚ್ಚರ ಇದೀಯ ಅಂತ ಗೊತ್ತಮ್ಮ, ನಾಟಕ ಸಾಕು. ಸ್ವಲ್ಪ ಆ ಕಡೆ ಸರಿ," ಎಂದು ಮೆಲ್ಲಗೆ ಗದರಿದಳು.

ತಾಯಿ ಸರಿದು ಜಾಗ ಕೊಟ್ಟಳು. ಪಾಠ ಕೇಳಬೇಕೆಂದು ಅವಳಿಗೆ ನಿಜವಾಗಿಯೂ ಆಸೆಯಿತ್ತು. ಆದರೆ ಮಗಳ ಭುಜ ತಾಗಿದ್ದೇ ತಡ, ಮತ್ತೆ ನಿದ್ದೆ ಹತ್ತಿತು. ಗಂಟೆ ಹೊಡೆಯುವವರೆಗೂ ಯಾರೂ ಅವಳನ್ನು ಎಬ್ಬಿಸಲಿಲ್ಲ.