ಹಾರ್ಮ್ಸನ್ ಅಡಗಿಸಿಟ್ಟ ಕಣ

ಇನ್ನೂ ಕಟ್ಟದ ಯಂತ್ರದಲ್ಲಿ, ಇದೆಯೋ ಇಲ್ಲವೋ ಗೊತ್ತಿಲ್ಲದ ಕಣವನ್ನು ಹುಡುಕುವುದು ನನ್ನ ಕೆಲಸ. ಅಮ್ಮನಿಗೆ ಇದನ್ನು ಅರ್ಥ ಮಾಡಿಸುವ ಆಸೆ ಬಿಟ್ಟು ಎಷ್ಟೋ ಕಾಲವಾಯಿತು. ಎಲೆಕ್ಟ್ರಾನು, ಪಾಸಿಟ್ರಾನುಗಳ ಡಿಕ್ಕಿಯನ್ನು ಹ್ಯಾಂಬರ್ಗ್‌ನ ನಮ್ಮ ಪ್ರಯೋಗಾಲಯದಲ್ಲಿ ಸದ್ಯಕ್ಕೆ ಕಂಪ್ಯೂಟರಿನೊಳಗೇ ನಡೆಸುತ್ತೇವೆ. ಸೂಪರ್‌ಸಿಮೆಟ್ರಿ ಎಂಬ ಸಿದ್ಧಾಂತ ಹೇಳುವ ಕಣ ಹುಟ್ಟಿದರೆ ಅದು ಯಾರ ಕಣ್ಣಿಗೂ ಬೀಳದೆ ಹೊರಟುಹೋಗುತ್ತದೆ. ಒಂದಿಷ್ಟು ಶಕ್ತಿ ಮಾತ್ರ ಕಾಣೆಯಾಗಿರುತ್ತದೆ. ಕೆಲವು ಹಾಳು ಎಲೆಕ್ಟ್ರಾನುಗಳೂ ತಾವು ಓಡುವ ಕೊಳವೆಯಲ್ಲೇ ನುಣುಚಿಕೊಂಡು ಹೀಗೇ ಮೋಸ ಮಾಡುತ್ತವೆ. ಕಳ್ಳ ಯಾರೆಂದು ಹೇಳುವ ವಿಧಾನವೊಂದನ್ನು ವರ್ಷಗಟ್ಟಲೆ ಕೂತು ಮಾಡಿದ್ದೆ. ಅದನ್ನು ನಂಬಬಹುದೇ ಎಂದು ಶುಕ್ರವಾರದ ಸಭೆ ತೀರ್ಮಾನಿಸಬೇಕಿತ್ತು. ಇಲ್ಲವೆಂದರೆ ನನ್ನ ಪಿಎಚ್‌.ಡಿ. ಅಲ್ಲಿಗೇ ಮುಗಿಯಿತು.

ಆ ವಿಧಾನಕ್ಕೆ ಪರೀಕ್ಷೆ ಒಡ್ಡಿದವರು ಪ್ರೊಫೆಸರ್ ಹಾರ್ಮ್ಸನ್. ನಿವೃತ್ತರಾದರೂ ದಿನಾ ಬರುವ ಮನುಷ್ಯ. ಕಂಪ್ಯೂಟರ್ ಡಿಕ್ಕಿಗಳ ಎರಡು ಫೈಲು ತಯಾರಿಸಿ, ಒಂದರಲ್ಲಿ ಮಾತ್ರ ಕಣವನ್ನು ಅಡಗಿಸಿ, ನಾಣ್ಯ ಚಿಮ್ಮಿ ಒಂದನ್ನು ನನಗೆ ಕೊಟ್ಟಿದ್ದರು.

"ಉತ್ತರ ಫೈಲಲ್ಲಿ ಹುಡುಕು, ನನ್ನ ಮುಖದಲ್ಲಲ್ಲ," ಎಂದಿದ್ದರು.

ಗುರುವಾರ ಕ್ಯಾಂಟೀನಿನಲ್ಲಿ ಅವರು ಹೆರಿಂಗ್ ಮೀನು ತಿನ್ನುತ್ತಿದ್ದರು. ಎದುರಿಗೆ ಕೂತು, "ಸಿಕ್ತು ಪ್ರೊಫೆಸರ್, ನೀವಿಟ್ಟ ಕಣ," ಎಂದೆ.

ಅವರ ಫೋರ್ಕು ನಿಂತಿತು. "ನಿಂಗೆ ಕೊಟ್ಟಿದ್ದು ಖಾಲಿ ಫೈಲು ಅಲ್ವೇನೇ, ವೀಬ್ಕೆ?"

"ನನ್ನ ಕೇಳಿದ್ರೆ? ಅದನ್ನ ನೀವು ಹೇಳ್ಬೇಕು."

"ನಾಣ್ಯದಲ್ಲಿ ಹದ್ದಿನ ಮುಖ ಬಿದ್ದಿತ್ತು, ಅದು ನೆನಪಿದೆ. ಹದ್ದು ಬಿದ್ರೆ ಖಾಲಿ ಕೊಡೋದು ಅಂದ್ಕೊಂಡಿದ್ನೋ, ತುಂಬಿದ್ದು ಕೊಡೋದು ಅಂದ್ಕೊಂಡಿದ್ನೋ..."

"ನಿಮ್ಮ ಹತ್ರ ಇರೋ ಇನ್ನೊಂದನ್ನ ನೋಡೋಣ ನಡೀರಿ."

"ಹೋದ ವಾರ ಕಂಪ್ಯೂಟರ್ ಚೊಕ್ಕ ಮಾಡ್ದೆ," ಎಂದರು ಮೆಲ್ಲಗೆ. "ಎಲ್ಲ ಅಳಿಸ್ಬಿಟ್ಟೆ ಕಣೇ."

ಮೀನಿನ ಪಕ್ಕದಲ್ಲಿದ್ದ ಬೀಟ್‌ರೂಟನ್ನು ಅವರ ತಲೆಗೆ ಸುರಿಯುವಷ್ಟು ಸಿಟ್ಟು ಬಂತು. ವಾಪಸು ಹೋಗಿ ಕೊಳವೆಯ ಕಳ್ಳ ಎಲೆಕ್ಟ್ರಾನುಗಳಿಗೆ ಬಲೆ ಇನ್ನಷ್ಟು ಬಿಗಿ ಮಾಡಿದೆ. ಕಣದ ಗುರುತು ಚಿಕ್ಕದಾಯಿತು, ಆದರೆ ಹೋಗಲಿಲ್ಲ. ಇನ್ನೂ ಬಿಗಿ ಮಾಡಿದೆ. ಆಗಲೂ ಇತ್ತು, ಅಥವಾ ಇದ್ದಂತೆ ಕಂಡಿತು. ನೋಡಿದಷ್ಟೂ ನನಗೆ ಗೊಂದಲವೇ ಹೆಚ್ಚಾಯಿತು.

ಸಭೆಯಲ್ಲಿ ನಾನು ಕೊನೆಯ ಚಿತ್ರ ತೋರಿಸಿದ ಮೇಲೆ ನಮ್ಮ ತಂಡದ ಮುಖ್ಯಸ್ಥೆ ಗೆಶೆ, ಪ್ರೊಫೆಸರ್ ಹಾರ್ಮ್ಸನ್ ಕಡೆ ತಿರುಗಿದಳು. "ಡೆಟ್ಲೆಫ್, ಕಣ ಇಟ್ಟಿದ್ರಾ, ಇಲ್ವಾ? ಹೇಳಿ, ಊಟಕ್ಕೆ ಹೋಗೋಣ."

"ನಂಗೊತ್ತಿಲ್ಲ," ಎಂದರು ಹಾರ್ಮ್ಸನ್. ಎಲ್ಲರೂ ನಕ್ಕರು. ಅವರು ನಗಲಿಲ್ಲ.

"ನಿಜವಾಗ್ಲೂ ಗೊತ್ತಿಲ್ಲ. ಇಷ್ಟು ವರ್ಷ ಈ ಆಟ ಆಡಿದ್ವಿ, ಯಾವಾಗ್ಲೂ ಒಬ್ರಿಗಾದ್ರೂ ಉತ್ತರ ಗೊತ್ತಿರ್ತಿತ್ತು. ನಿಜವಾದ ಯಂತ್ರ ಬಂದ ದಿನ ಯಾರಿಗೂ ಗೊತ್ತಿರಲ್ಲ. ಅಷ್ಟೊತ್ತಿಗೆ ನಾನೂ ಇರಲ್ಲ." ಒಂದು ಗುಟುಕು ನೀರು ಕುಡಿದರು. "ಫೈಲು ನೋಡಿರೋಳು ವೀಬ್ಕೆ. ಅವಳನ್ನೇ ಕೇಳಿ."

ನಗು ನಿಂತಿತು. ಅಭ್ಯಾಸಬಲದಿಂದ ನಾನು ಉತ್ತರಕ್ಕಾಗಿ ಅವರ ಮುಖ ನೋಡಿದೆ. ಅವರು ನನ್ನ ಮುಖದಲ್ಲಿ ಅದನ್ನೇ ಹುಡುಕುತ್ತಿದ್ದರು.

"ಇದೆ," ಎಂದೆ.