ಚತುರ್ದಶಿಯ ಗುಳಿಗೆ

ಚಿಮ್ಮಡದ ಅನಂತಪ್ಪ ನಿದ್ದೆಯಲ್ಲಿ ಕೂಗಿದನೆಂದರೆ ತಿಮ್ಮಾಪುರದ ಬೇಟೆನಾಯಿಗಳು ಬಾಲ ಮಡಚಿ ಮೂಲೆ ಸೇರುತ್ತಿದ್ದವು, ಸಾವಳಗಿ ರಸ್ತೆಯ ಟ್ರ್ಯಾಕ್ಟರುಗಳು ತಾವಾಗಿಯೇ ಬಂದ್ ಬೀಳುತ್ತಿದ್ದವು. ಎಪ್ಪತ್ತೈದು ದಾಟಿದ ಎದೆಯಲ್ಲಿ ಅಂಥ ಕೂಗು ಇನ್ನೆಲ್ಲಾದರೂ ಇದ್ದರೆ ತೋರಿಸಿ! ಪಕ್ಕದಲ್ಲೇ ಮಲಗುವ ಹೆಂಡತಿ ಹೀರಾಬಾಯಿಗೆ ಮಾತ್ರ ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಕಾಣುತ್ತಿರಲಿಲ್ಲ. ಗಂಡನ ಮೈಯೆಲ್ಲ ಬೆವರು. ತೆರೆದ ಕಣ್ಣಿಗೆ ಅವಳ ಗುರುತೇ ಇಲ್ಲ. ಹಿಡಿಯಹೋದವಳ ಮಣಿಕಟ್ಟನ್ನು ಒಮ್ಮೆ ಮುರಿದೂ ಹಾಕಿದ್ದ. ಬೆಳಗಾದರೆ ಅವನಿಗೆ ಏನೂ ನೆನಪಿರುತ್ತಿರಲಿಲ್ಲ.

ಕಾರಣಗಳಿಗೇನು ಬರವೇ?

"ಗಾಳಿ ಬಡದೈತಿ ಬೇ, ನನ್ನ ಮಾತ ಕೇಳು," ಎಂದಳು ಎದುರುಮನೆಯ ತಾರವ್ವ.

"ರಾತ್ರಿ ಟಿವ್ಯಾಗ ಹೊಡದಾಟ ನೋಡಿದ್ರ ಮತ್ತೇನಾಕ್ಕೈತಿ," ಎಂದ ಮಗ ಅರಿಹಂತ.

ಇದನ್ನೆಲ್ಲ ಕೇಳಿಸಿಕೊಂಡ ಜಮಖಂಡಿಯ ಡಾಕ್ಟರು ಬೇರೆಯದನ್ನೇ ಕೇಳಿದರು. "ಯಾವ ದಿನ ಒದರತಾರ?"

"ಅಷ್ಟಮಿ, ಚತುರ್ದಶಿಗೇ ಜಾಸ್ತಿರಿ. ಉಪಾಸ ಇದ್ದ ದಿನ," ಎಂದಳು ಹೀರಾಬಾಯಿ.

"ಮತ್ತ ಸಕ್ಕರಿ ರೋಗದ ಗುಳಿಗಿ? ಉಪಾಸದ ದಿನನೂ ತಗೋತಾರೇನು?"

"ಅದನ್ನ ತಪ್ಪಸಾಂಗಿಲ್ಲ ನಾ!" ಅನಂತಪ್ಪ ಎದೆಯುಬ್ಬಿಸಿದ. "ನಾವು ಜೈನರು. ಹೊತ್ತು ಮುಳುಗಿದ ಮ್ಯಾಲ ನೀರೂ ಮುಟ್ಟಾಂಗಿಲ್ಲ. ಅದಕ್ಕ ರಾತ್ರಿ ಗುಳಿಗಿನೂ ಸಂಜಿಮುಂದನ ನುಂಗತೇನಿ. ಇವತ್ತ ಚತುರ್ದಶಿ. ಬಸ್ಸಿನ್ಯಾಗ ಹೊತ್ತು ಮುಳುಗಿಗಿಳುಗೀತಂತ ಈಗ ಹೊರಗ ಕುಂತಾಗ ನುಂಗೇನಿ."

ಡಾಕ್ಟರ ಮುಖ ಕಪ್ಪಿಟ್ಟಿತು. "ಅಜ್ಜಾರ, ದೆವ್ವನೂ ಇಲ್ಲ, ಟಿವಿನೂ ಅಲ್ಲ. ಖಾಲಿ ಹೊಟ್ಟಿಗೆ ಆ ಗುಳಿಗಿ ಬಿದ್ರ ರಕ್ತದಾಗಿನ ಸಕ್ಕರಿ ಪಾತಾಳಕ್ಕ ಇಳೀತೈತಿ. ಮಿದುಳು ಹಸದು ಒದರತೈತಿ. ಇವತ್ತ ಇಲ್ಲೇ ಇರ್ರಿ, ಏನರೆ ಉಣ್ರಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಡಾಕ್ಟರು ಹೀರಾಬಾಯಿಯನ್ನು ಬಾಗಿಲಲ್ಲೇ ತಡೆದರು. "ರಾತ್ರಿ ಒದರಿದ್ರ ವಸಡಿಗೆ ಬೆಲ್ಲ ತಿಕ್ರಿ. ಸುಮ್ಮನಾದ್ರಲ್ಲ ಅಂತ ಬಿಟ್ರೆಂದ್ರ ಮತ್ತ ಏಳಾಂಗಿಲ್ಲ."

ಬಸ್ಸಿನಲ್ಲಿ ಅನಂತಪ್ಪ ಅವಳ ಕಿವಿಗೆ ಬಾಯಿಟ್ಟ. "ನಾ ಸತ್ತರೂ ಅಡ್ಡಿಯಿಲ್ಲ, ನನ್ನ ಬಾಯಾಗ ಏನೂ ಹಾಕಬ್ಯಾಡ. ಹರೇದಾಗ ಹಿಡದ ನೇಮ ಐತಿ. ಆಣಿ ಮಾಡು."

ಹೀರಾಬಾಯಿ ಕಿಟಕಿಯಾಚೆಯ ಕಬ್ಬು ನೋಡುತ್ತ ಕುಳಿತಳು. ಅದನ್ನೇ ಅವನು ಆಣೆಯೆಂದುಕೊಂಡ.

ಆ ರಾತ್ರಿಯ ಕೂಗಿಗೆ ಚಂದ್ರನೇ ಒಂದು ಗೇಣು ಆಚೆ ಸರಿದ. ಕೂಗು ಸಣ್ಣಗಾಯಿತು, ನಾಯಿಮರಿಯ ಕುಂಯ್‌ಗುಟ್ಟುವಿಕೆಯಾಯಿತು, ಆಮೇಲೆ ಅದೂ ಇಲ್ಲ. ಹೀರಾಬಾಯಿ ಬೆಲ್ಲ ಮೆತ್ತಿದ ಬೆರಳನ್ನು ಅವನ ಬಾಯೊಳಗೆ ತೂರಿಸಿದಳು. ಹಲ್ಲು ಕಚ್ಚಿಕೊಂಡವು. ಅವಳು ಬೆರಳು ತೆಗೆಯಲಿಲ್ಲ.

ಬೆಳಿಗ್ಗೆ ದಿಂಬಿನ ತುಂಬ ಇರುವೆ. ಅನಂತಪ್ಪ ಇರುವೆಗಳನ್ನು ನೋಡಿದ, ಹೆಂಡತಿಯ ಬೆರಳಿಗೆ ಸುತ್ತಿದ ಬಟ್ಟೆ ನೋಡಿದ. ದಿಂಬನ್ನು ಅಂಗಳಕ್ಕೊಯ್ದು, ಒಂದೂ ಸಾಯದ ಹಾಗೆ ಮೆಲ್ಲಗೆ ಊದತೊಡಗಿದ. "ಹೋಗ್ರೆವ್ವಾ, ಹುಷಾರಿ."

"ಹೊತ್ತು ಮೂಡೇತ್ರಿ, ನೀರು ಕುಡೀರಿ," ಹೀರಾಬಾಯಿ ತಂಬಿಗೆ ಹಿಡಿದು ನಿಂತಳು.

ಅವನು ತಿರುಗಲಿಲ್ಲ. ಸೊಸೆ ಕೊಟ್ಟ ನೀರು ಕುಡಿದ. ಅಂದಿನಿಂದ ಹೀರಾಬಾಯಿಯ ಕೈಯ ಒಂದು ಹನಿಯನ್ನೂ ಅವನು ಮುಟ್ಟಿಲ್ಲ. ಮುಂದಿನ ಅಷ್ಟಮಿಯ ಉಪವಾಸಕ್ಕೆ ಅವಳು ಗುಳಿಗೆಗಳನ್ನು ಅವನಿಗೆ ಸಿಗದ ಹಾಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅವನ ಎದುರೇ ದಿನವಿಡೀ ಓಡಾಡಿದಳು.